ಸಾಣೆಯ ಚಕ್ರವೂ ನಮ್ಮ ವಿದ್ಯಾಭ್ಯಾಸವೂ

ನಮ್ಮ ಊರುಗಳ ಯಾವ ಬಡಾವಣೆಗೆ ಹೋದರೂ ಕಿಟಕಿಯ ಗ್ರಿಲ್ಲು, ಗೇಟು, ಮೆಟ್ಟಿಲ ಕಟಕಟೆಗಳನ್ನು ಮಾಡಿಕೊಡುವ ಅಂಗಡಿಯೊಂದು ಇದ್ದೇ ಇರುತ್ತದೆ. ಅದರ ಮುಂದೆ ಹಾದುಹೋಗುವಾಗ ಕಿವಿಯನ್ನು ಕೊರೆಯುವ ಕರ್ಕಶ ಧ್ವನಿಯೊಡನೆ ಕಿಡಿಗಳ ಉದ್ದನೆಯ ಬಾಲವೊಂದು ರಸ್ತೆಯ ಕಡೆಗೆ ಚಿಮ್ಮುವುದನ್ನು ಕಾಣದ ವಾಚಕರು ವಿರಳ. ನಾವು ಮುಖವನ್ನು ಅತ್ತ ತಿರುಗಿಸಿ ಹೆಜ್ಜೆಯನ್ನು ಚುರುಕುಗೊಳಿಸುತ್ತೇವೆ. ಒಳಗೆ ಕುಕ್ಕರಗಾಲಿನಲ್ಲಿ ಕುಳಿತಿರುವ ತರುಣನು ಏನನ್ನು ಬಲ್ಲನೆಂದು ನಾವು ವಿಚಾರಿಸುವುದಿಲ್ಲ. ನಾವು ಶಾಲೆಯಲ್ಲಿ ಏನನ್ನು ಕಲಿತೆವೆಂದು ಅವನೂ ವಿಚಾರಿಸುವುದಿಲ್ಲ. ಈ ಎರಡು ಬಗೆಯ ತಿಳಿವುಗಳು ಒಂದನ್ನೊಂದು ಸಂಧಿಸದೆ ಹೋಗುವುದರಿಂದ ನಷ್ಟವಾಗುತ್ತಿದೆಯೆಂಬುದು ನಮ್ಮ ಅಭಿಪ್ರಾಯ. ನಷ್ಟವೆಂದರೆ ಕಣ್ಣು ಮತ್ತು ಬೆರಳುಗಳ ನಷ್ಟ.

ಆ ಯಂತ್ರವನ್ನು ಆಂಗಲ್ ಗ್ರೈಂಡರ್ ಎನ್ನುತ್ತಾರೆ. ಗ್ರೈಂಡರ್ ಎಂದೊಡನೆ ನಮ್ಮ ಮನೆಗಳಲ್ಲಿ ದೋಸೆಯ ಹಿಟ್ಟು ರುಬ್ಬುವ ಯಂತ್ರವೇ ನೆನಪಿಗೆ ಬರುವುದರಿಂದಲೋ ಏನೋ, ಅಂಗಡಿಗಳಲ್ಲಿ ಇದಕ್ಕೆ ಕಟಿಂಗ್ ಮಿಷನ್ನು ಎಂಬ ಹೆಸರೂ ಉಂಟು. ನಿಜವಾಗಿ ನೋಡಿದರೆ ಇದು ಕೈಯಲ್ಲಿ ಹಿಡಿಯುವ ಸಾಣೆ. ಹಿಡಿಯೊಳಗೆ ವಿದ್ಯುತ್ ಮೋಟಾರು. ತಲೆಯ ಭಾಗದಲ್ಲಿ ಒಂದು ಜೊತೆ ಓರೆಹಲ್ಲಿನ ಗಾಲಿಗಳು ಮೋಟಾರಿನ ತಿರುಗುವಿಕೆಯನ್ನು ಲಂಬಕೋನಕ್ಕೆ ಹೊರಳಿಸಿ ಚಕ್ರಕ್ಕೆ ಮುಟ್ಟಿಸುತ್ತವೆ. ಹೆಸರಿನಲ್ಲಿರುವ ಕೋನವು ಇದೇ. ಜರ್ಮನಿಯ ಆಕರ್ಮಾನ್ ಮತ್ತು ಶ್ಮಿಟ್ ಎಂಬ ಸಂಸ್ಥೆಯು ಅತಿವೇಗದಿಂದ ತಿರುಗುವ ಈ ಮಾದರಿಯನ್ನು 1954ರಲ್ಲಿ ಹೊರತಂದಿತು; ಅದರ ಫ್ಲೆಕ್ಸ್ ಎಂಬ ಗುರುತೇ ಜರ್ಮನರ ಆಡುಮಾತಿನಲ್ಲಿ ಯಂತ್ರದ ಹೆಸರಾಗಿ ನಿಂತುಬಿಟ್ಟಿದೆ. ಚಕ್ರವಾದರೋ ಹಿಂದಿನ ಸಾಣೆಯಂತೆ ಮರಳುಗಲ್ಲಿನದಲ್ಲ. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಎಂಬಾತನು ವಿದ್ಯುತ್ ಕುಲುಮೆಯಲ್ಲಿ ಸಿಲಿಕಾನ್ ಕಾರ್ಬೈಡ್ ಎಂಬ ಬಲು ಗಡುಸಾದ ಹರಳನ್ನು ಪಡೆದನು. ಕೆಲವೇ ವರ್ಷಗಳಲ್ಲಿ ಬಾಕ್ಸೈಟನ್ನು ಅಂಥದೇ ಕುಲುಮೆಯಲ್ಲಿ ಕರಗಿಸಿ ಅಲ್ಯೂಮಿನಿಯಂ ಆಕ್ಸೈಡಿನ ಹರಳನ್ನು ಪಡೆಯುವ ಕ್ರಮವೂ ರೂಢಿಗೆ ಬಂದಿತು. ಉಕ್ಕಿಗೆ ಹೆಚ್ಚಾಗಿ ಒಗ್ಗುವುದು ಈ ಎರಡನೆಯದು. ಹರಳಿನ ಪುಡಿಯನ್ನು ಬೇಕಲೈಟಿನ ಜಾತಿಯ ರಾಳದಿಂದ ಅಂಟಿಸಿ, ನಡುವೆ ಗಾಜಿನ ನೂಲಿನ ಬಲೆಯನ್ನಿಟ್ಟು ಒತ್ತಿ ಬೇಯಿಸಿದರೆ ಚಕ್ರ ಸಿದ್ಧವಾಗುತ್ತದೆ. ಒಂದೊಂದು ಹರಳೂ ಒಂದು ಪುಟ್ಟ ಉಳಿ. ಮೊಂಡಾದ ಉಳಿ ಕಳಚಿ ಬೀಳುತ್ತದೆ, ಅದರ ಹಿಂದಿನ ಹರಿತವಾದ ಉಳಿ ಮುಂದಕ್ಕೆ ಬರುತ್ತದೆ. ಚಕ್ರವು ಸವೆಯುವುದು ಅದರ ದೋಷವಲ್ಲ, ಗುಣವೇ ಆಗಿದೆ.

ಕೆಲವು ತಿಂಗಳ ಹಿಂದೆ ನಾವು ಇಂಥ ಒಂದು ಅಂಗಡಿಯಲ್ಲಿ ಕುಳಿತಿದ್ದೆವು. ಪಿ.ಯು.ಸಿ. ಎರಡನೆಯ ವರ್ಷದಲ್ಲಿ ವಿಜ್ಞಾನವನ್ನು ಓದುತ್ತಿದ್ದ ಹುಡುಗನೊಬ್ಬನು ತನ್ನ ದೂರದರ್ಶಕದ ಕಂಬಕ್ಕಾಗಿ ದಪ್ಪನೆಯ ಕಬ್ಬಿಣದ ಕೊಳವೆಯೊಂದನ್ನು ಕತ್ತರಿಸಿಕೊಂಡು ಹೋಗಲು ಬಂದಿದ್ದನು. ಮೇಸ್ತ್ರಿಯು ಐದಂಗುಲದ ಯಂತ್ರವನ್ನು ಕೈಗೆತ್ತಿಕೊಂಡನು. ಅದರ ಚಕ್ರವು ಕೊಳವೆಯ ಆಳಕ್ಕೆ ಸಾಲದು. ಆತನು ಕ್ಷಣವೂ ಯೋಚಿಸದೆ ಆ ಚಕ್ರವನ್ನು ಬಿಚ್ಚಿ, ಏಳಂಗುಲದ ದೊಡ್ಡ ಚಕ್ರವನ್ನು ಅದೇ ಯಂತ್ರಕ್ಕೆ ಸಿಕ್ಕಿಸಿದನು. ಎರಡರ ನಡುರಂಧ್ರವೂ ಒಂದೇ ಅಳತೆಯದಾದ್ದರಿಂದ ಅದು ಸಲೀಸಾಗಿ ಕುಳಿತುಕೊಂಡಿತು. ಚಕ್ರಕ್ಕೆ ಅಡ್ಡ ಬರುತ್ತಿದ್ದ ಗಾರ್ಡನ್ನು ಮೊದಲೇ ತೆಗೆದಿಟ್ಟಿದ್ದಾಯಿತು. ನಮ್ಮ ವಿದ್ಯಾರ್ಥಿಯಾದರೋ ಕೆಲಸವನ್ನು ಚೆನ್ನಾಗಿ ನೋಡಬೇಕೆಂಬ ಉತ್ಸಾಹದಿಂದ ಚಕ್ರದ ನೇರ ಎದುರಿಗೆ, ಅದರ ಸಮತಲದಲ್ಲಿಯೇ, ಬಾಗಿ ನಿಂತನು. ಇಬ್ಬರ ಕಣ್ಣಿಗೂ ಕನ್ನಡಕವಿರಲಿಲ್ಲ.

ಸ್ವಿಚ್ಚನ್ನು ಒತ್ತುವ ಮೊದಲೇ ನಾವು ತಡೆದು, ಆ ಹುಡುಗನಿಗೆ ಒಂದು ಲೆಕ್ಕವನ್ನು ಕೊಟ್ಟೆವು. ಯಂತ್ರದ ಮೈಮೇಲೆ ನಿಮಿಷಕ್ಕೆ 11,000 ಸುತ್ತು ಎಂದು ಬರೆದಿದೆ, ಚಕ್ರದ ವ್ಯಾಸ 180 ಮಿಲಿಮೀಟರು, ಅಂಚಿನ ವೇಗವೆಷ್ಟು? ಅವನು ನೋಟುಪುಸ್ತಕವನ್ನು ತೆಗೆದು ಒಂದೇ ನಿಮಿಷದಲ್ಲಿ ಉತ್ತರವನ್ನು ಬರೆದನು: ಸೆಕೆಂಡಿಗೆ ಸುಮಾರು 104 ಮೀಟರು, ಎಂದರೆ ಗಂಟೆಗೆ 370 ಕಿಲೋಮೀಟರಿಗಿಂತ ಅಧಿಕ. ಬಳಿಕ ಚಕ್ರದ ಮೇಲಿನ ಚೀಟಿಯನ್ನು ಓದಲು ಹೇಳಿದೆವು. ಸೆಕೆಂಡಿಗೆ 80 ಮೀಟರು, ನಿಮಿಷಕ್ಕೆ 8,500 ಸುತ್ತು: ಇದಕ್ಕಿಂತ ಹೆಚ್ಚು ಕೂಡದು ಎಂದು ಅಲ್ಲಿ ಅಚ್ಚಾಗಿತ್ತು. ಹುಡುಗನು ಎರಡು ಹೆಜ್ಜೆ ಹಿಂದಕ್ಕೆ ಸರಿದನು. ಮೇಸ್ತ್ರಿಯು ನೋಟುಪುಸ್ತಕವನ್ನೂ ಚಕ್ರವನ್ನೂ ಬಾರಿಬಾರಿಗೆ ನೋಡಿ, "ಈ ಎಂಬತ್ತನ್ನ ಹದಿನೈದು ವರ್ಷದಿಂದ ನೋಡ್ತಾ ಇದೀನಿ ಸಾರ್. ಕಂಪನಿಯವರದ್ದು ಏನೋ ಗುರುತು ಅಂದ್ಕೊಂಡಿದ್ದೆ" ಎಂದನು.

ಆ ಮಾತನ್ನು ಕೇಳಿ ನಗುವುದಕ್ಕೆ ನಮಗೆ ಬಾಯಿ ಬರಲಿಲ್ಲ. ಅದನ್ನು ಆತನಿಗೆ ತಿಳಿಸಿಕೊಡಬೇಕಾಗಿದ್ದವರು ಯಾರು? ಲೆಕ್ಕವನ್ನು ಬಲ್ಲವನು ಅಲ್ಲಿಯೇ ನಿಂತಿದ್ದನು. ಆದರೆ ಅವನಿಗೂ ತಾನು ಬಲ್ಲುದು ಈ ಚಕ್ರದ ವಿಷಯವೆಂದು ಹೊಳೆದಿರಲಿಲ್ಲ. ವರ್ತುಲ ಚಲನೆಯ ಪಾಠದಲ್ಲಿ ನಾವು ತಲೆಮಾರುಗಳಿಂದ ದಾರಕ್ಕೆ ಕಟ್ಟಿದ ಕಲ್ಲನ್ನೇ ತಿರುಗಿಸುತ್ತ ಬಂದಿದ್ದೇವೆ. ಆ ಕಲ್ಲಿನಿಂದ ಈವರೆಗೆ ಯಾರಿಗೂ ಪೆಟ್ಟಾದಂತೆ ಕಾಣೆವು.

ಸರಿಯಾದ ಅಳತೆಯ ಚಕ್ರದಲ್ಲಿಯೂ ಬಲಗಳು ಎಷ್ಟಿರುತ್ತವೆಂಬುದನ್ನು ವಾಚಕರು ತಾವೇ ಲೆಕ್ಕಹಾಕಬಹುದು. 125 ಮಿಲಿಮೀಟರು ವ್ಯಾಸದ ಚಕ್ರವು ಅದೇ 11,000 ಸುತ್ತಿನಲ್ಲಿ ತಿರುಗುವಾಗ ಅಂಚಿನ ವೇಗ ಸೆಕೆಂಡಿಗೆ 72 ಮೀಟರು. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ದೊರೆಯುವ ಕೇಂದ್ರಾಭಿಗಾಮಿ ವೇಗೋತ್ಕರ್ಷವು ಭೂಮಿಯ ಗುರುತ್ವದ ಎಂಟು ಸಾವಿರ ಪಟ್ಟಿಗಿಂತಲೂ ಅಧಿಕ. ಅಂಚಿನಲ್ಲಿರುವ ಒಂದೇ ಗ್ರಾಂ ಪದಾರ್ಥವನ್ನು ಅದರ ಸ್ಥಾನದಲ್ಲಿ ಹಿಡಿದಿಡಬೇಕಾದರೆ, ಎಂಟು ಕಿಲೋಗ್ರಾಮಿಗೆ ಮಿಕ್ಕ ತೂಕವನ್ನು ಎತ್ತಿ ಹಿಡಿಯುವಷ್ಟು ಬಲ ಬೇಕು. ಆ ಬಲವನ್ನು ಒದಗಿಸುವುದು ರಾಳ ಮತ್ತು ಗಾಜಿನ ನೂಲು. ವೇಗವು ಏರಿದಂತೆ ಈ ಎಳೆತವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 80ರ ಚಕ್ರವನ್ನು 104ರಲ್ಲಿ ತಿರುಗಿಸಿದಾಗ ಅದರ ಮೇಲಿನ ಭಾರವು ಒಂದೂವರೆ ಪಟ್ಟನ್ನೂ ದಾಟುತ್ತದೆ. ಚಕ್ರವು ಸಿಡಿದರೆ ಚೂರುಗಳು ಸ್ಪರ್ಶರೇಖೆಯ ದಿಕ್ಕಿನಲ್ಲಿ, ಚಕ್ರದ ಸಮತಲದಲ್ಲಿ ಹಾರುತ್ತವೆ. ಗಾರ್ಡು ಇರುವುದು ಕೈ ತಾಗದಿರಲಿ ಎಂಬುದಕ್ಕೆ ಮಾತ್ರವಲ್ಲ. ಆ ಸಮತಲದ ಒಂದು ಭಾಗವನ್ನು, ಎಂದರೆ ಕೆಲಸಗಾರನು ಇರುವ ಕಡೆಯನ್ನು, ಮುಚ್ಚುವುದಕ್ಕೆ. ಇಷ್ಟನ್ನು ಚಿತ್ರ ಬರೆದು ತೋರಿಸಿದಾಗ ಮೇಸ್ತ್ರಿಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ನಿಮ್ಮ ಪುಸ್ತಕದಲ್ಲಿರುವುದಕ್ಕಿಂತ ಕಠಿಣವಾದ ಎಷ್ಟೋ ಸಂಗತಿಗಳನ್ನು ಆತನು ಕೈಯಿಂದ ಬಲ್ಲನು.

ಮುಂದೆ ನಡೆದುದು ಅದಕ್ಕೆ ಸಾಕ್ಷಿ. ಮೇಸ್ತ್ರಿಯು ಚಿಕ್ಕ ಚಕ್ರವನ್ನೇ ಮತ್ತೆ ಹಾಕಿ, ಕೊಳವೆಯನ್ನು ಸುತ್ತಲೂ ತಿರುಗಿಸುತ್ತ ಕತ್ತರಿಸುವುದೆಂದು ನಿಶ್ಚಯಿಸಿದನು. ಅದಕ್ಕೆ ಕೊಳವೆಯ ಸುತ್ತ ನೇರವಾದ ಗೆರೆ ಬೇಕು. ವಿದ್ಯಾರ್ಥಿಯು ಮೂಲೆಮಟ್ಟವನ್ನು ಕೊಳವೆಯ ಮೇಲೆ ಹೇಗೆ ಹೇಗೋ ಇಟ್ಟು ನೋಡಿ ಸೋತನು. ಮೇಸ್ತ್ರಿಯು ಹಳೆಯ ವೃತ್ತಪತ್ರಿಕೆಯ ನೇರ ಅಂಚಿನ ಪಟ್ಟಿಯೊಂದನ್ನು ಹರಿದು ಕೊಳವೆಗೆ ಬಿಗಿಯಾಗಿ ಸುತ್ತಿ, ಅಂಚಿನ ಮೇಲೆ ಅಂಚು ಸರಿಯಾಗಿ ಕೂಡುವಂತೆ ಮಾಡಿ, ಅದರ ಪಕ್ಕದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದನು. ಅಂಚುಗಳು ಕೂಡಿದರೆ ಗೆರೆಯು ಅಕ್ಷಕ್ಕೆ ಲಂಬವಾಗಿರಲೇಬೇಕು. ಯಾವ ರೇಖಾಗಣಿತದ ಪ್ರಮೇಯವನ್ನೂ ಹೆಸರಿಸದೆ ಪ್ರಮೇಯವನ್ನು ಸಾಧಿಸಿದ ಆ ಕಾಗದವನ್ನು ನಮ್ಮ ವಿದ್ಯಾರ್ಥಿಯು ಬಿಡಿಸಿ ಜೇಬಿಗೆ ಹಾಕಿಕೊಂಡುದನ್ನು ನಾವು ಕಂಡೆವು.

ಕಿಡಿಗಳ ವಿಷಯವನ್ನು ಹೇಳದೆ ಹೋದರೆ ನಮ್ಮ ಮನಸ್ಸಿಗೆ ಸಮಾಧಾನವಾಗದು. ಅಂಗಡಿಯ ಮೂಲೆಯಲ್ಲಿ ಬಿದ್ದ ಗುಜರಿಯ ತುಂಡುಗಳು ನೋಟಕ್ಕೆ ಒಂದೇ ಬಗೆ. ಆದರೆ ಮೇಸ್ತ್ರಿಯು ತುಂಡನ್ನು ಚಕ್ರಕ್ಕೆ ಒಮ್ಮೆ ಮುಟ್ಟಿಸಿ ಅದರ ಜಾತಿಯನ್ನು ಹೇಳಬಲ್ಲನು. ಗ್ರಿಲ್ಲಿಗೆ ಬಳಸುವ ಮೆದು ಉಕ್ಕಿನ ಕಿಡಿಗಳು ಉದ್ದವಾಗಿ, ನೇರವಾಗಿ, ಕವಲುಗಳಿಲ್ಲದೆ ಹಾರುತ್ತವೆ. ಅರ ಅಥವಾ ಉಳಿಯಂಥ ಇಂಗಾಲ ಹೆಚ್ಚಾಗಿರುವ ಉಕ್ಕಾದರೆ ಕಿಡಿಗಳು ದೀಪಾವಳಿಯ ಸುರುಸುರುಬತ್ತಿಯಂತೆ ಒಡೆದೊಡೆದು ನಕ್ಷತ್ರಗಳಾಗುತ್ತವೆ. ಎರಕದ ಕಬ್ಬಿಣದ ಕಿಡಿಯು ಮೊಟಕು, ಕೆಂಪು. ಸ್ಟೇನ್‌ಲೆಸ್ ಸ್ಟೀಲಿನದು ಗಿಡ್ಡಗೆ, ಕಿತ್ತಳೆಯ ಬಣ್ಣಕ್ಕೆ ತಿರುಗಿರುತ್ತದೆ. ಅಲ್ಯೂಮಿನಿಯಂ, ತಾಮ್ರಗಳಲ್ಲಿ ಕಿಡಿಯೇ ಇಲ್ಲ. ಹೀಗೇಕೆಂದರೆ, ಹರಳಿನ ಉಳಿಯು ಕೆತ್ತಿದ ಲೋಹದ ಕಣವು ಘರ್ಷಣೆಯಿಂದ ಕಾದು ಹಾರುವಾಗ ಗಾಳಿಯ ಆಮ್ಲಜನಕದೊಡನೆ ಕೂಡಿ ಉರಿಯುತ್ತದೆ. ಒಳಗಿರುವ ಇಂಗಾಲವು ಉರಿದು ಅನಿಲವಾಗಿ ಉಬ್ಬಿ ಕರಗಿದ ಕಣವನ್ನು ಸಿಡಿಸುತ್ತದೆ. ಇಂಗಾಲ ಹೆಚ್ಚಿದ್ದಷ್ಟೂ ಉಕ್ಕಿನ ಕಿಡಿ ಹೆಚ್ಚು ಒಡೆಯುತ್ತದೆ. ಇಂಗ್ಲೆಂಡಿನ ರಾಬರ್ಟ್ ಹುಕ್ ಮಹಾಶಯನು ಚಕಮಕಿಯಿಂದ ಉಕ್ಕನ್ನು ಹೊಡೆದು ಹಾರಿಸಿದ ಕಿಡಿಗಳನ್ನು ಬಿಳಿಯ ಕಾಗದದ ಮೇಲೆ ಹಿಡಿದು, ಸೂಕ್ಷ್ಮದರ್ಶಕದಲ್ಲಿ ನೋಡಿ, ಅವು ಕರಗಿ ಆರಿದ ಪುಟ್ಟ ಗುಂಡುಗಳೆಂದು 1665ರಷ್ಟು ಹಿಂದೆಯೇ ಬರೆದಿಟ್ಟನು. ವಿದ್ಯಾರ್ಥಿಗಳು ಈ ಪ್ರಯೋಗವನ್ನು ಇಂದೂ ಮಾಡಬಹುದು. ಗ್ರಿಲ್ ಅಂಗಡಿಯ ನೆಲದ ಧೂಳನ್ನು ಕಾಗದದಲ್ಲಿ ಸುತ್ತಿದ ಆಯಸ್ಕಾಂತದಿಂದ ಎತ್ತಿ, ಕಾಲೇಜಿನ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಸುರುಳಿಸುರುಳಿಯಾದ ಕೆತ್ತುಗಳ ನಡುವೆ ನುಣುಪಾದ ಗುಂಡುಗಳು ಕಾಣಿಸುತ್ತವೆ. ಇಂಥ ಬಿಸಿಯ ಕಣವು ಕನ್ನಡಕದ ಗಾಜಿಗೆ ತಾಗಿದರೆ ಅದರಲ್ಲೇ ಕಚ್ಚಿಕೊಳ್ಳುತ್ತದೆ. ಕಣ್ಣಿಗೆ ತಾಗಿದರೆ ಮುಂಭಾಗದ ಪಾರದರ್ಶಕ ಪಟಲದಲ್ಲಿ ನಾಟಿಕೊಂಡು, ಒಂದೆರಡು ದಿನಗಳಲ್ಲಿ ಸುತ್ತಲೂ ತುಕ್ಕಿನ ಉಂಗುರವನ್ನು ಬಿಡುತ್ತದೆ. ಕಣ್ಣನ್ನು ಕಿರಿದು ಮಾಡಿಕೊಂಡರೆ ಸಾಕೆಂಬುದು ಅಂಗಡಿಗಳಲ್ಲಿ ಪ್ರಚಲಿತವಾದ ನಂಬಿಕೆ. ಸೆಕೆಂಡಿಗೆ ಹತ್ತಾರು ಮೀಟರು ವೇಗದಿಂದ ಬರುವ ಕಣಕ್ಕೆ ರೆಪ್ಪೆಯು ಮುಚ್ಚುವವರೆಗೆ ಕಾಯುವ ವ್ಯವಧಾನವಿಲ್ಲ.

ಉಕ್ಕಿನ ಹದವನ್ನು ಕುರಿತೂ ಒಂದು ಮಾತು. ಹಳ್ಳಿಯ ಕಮ್ಮಾರನು ಮಚ್ಚನ್ನು ಕಾಯಿಸಿ ನೀರಿನಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸುತ್ತ, ಮೈಮೇಲೆ ಏಳುವ ಬಣ್ಣವನ್ನು ನೋಡಿ ನಿಲ್ಲಿಸುತ್ತಾನೆ. ಒಣಹುಲ್ಲಿನ ಹಳದಿಯಿಂದ ನೇರಳೆಗೆ, ನೇರಳೆಯಿಂದ ನೀಲಿಗೆ ಬಣ್ಣವು ಸರಿದಂತೆ ಉಕ್ಕು ಮೆತ್ತಗಾಗುತ್ತದೆ. ಹಳದಿಯು ಸುಮಾರು 230 ಡಿಗ್ರಿ ಸೆಂಟಿಗ್ರೇಡಿನಲ್ಲಿಯೂ ನೀಲಿಯು ಸುಮಾರು 300ರಲ್ಲಿಯೂ ಕಾಣುತ್ತದೆ. ಈಗ ಅದೇ ಮಚ್ಚನ್ನು ಗ್ರೈಂಡರಿಗೆ ಕೊಟ್ಟು ಎರಡು ನಿಮಿಷದಲ್ಲಿ ಹರಿತ ಮಾಡಿಸಿಕೊಂಡು ಬರುವವರಿದ್ದಾರೆ. ಬಾಯಿ ನೀಲಿಯಾದರೆ ಕಮ್ಮಾರನ ಹದವು ಹೋಯಿತು. ವಾರದೊಳಗೆ ಮಚ್ಚು ಮೊಂಡಾಗುತ್ತದೆ, ಬೈಗುಳವು ಉಕ್ಕಿಗೆ ಬೀಳುತ್ತದೆ. ಉಕ್ಕೆಂಬ ನಮ್ಮ ಮಾತೇ ಪಾಶ್ಚಾತ್ಯರ ಬಾಯಲ್ಲಿ ವೂಟ್ಸ್ ಎಂದಾಯಿತೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಅಂಥ ನಾಡಿನಲ್ಲಿ ನೀಲಿಯ ಬಣ್ಣವನ್ನು ಓದಲಾರದವರು ಹೆಚ್ಚುತ್ತಿರುವುದು ನಮಗೆ ಅಷ್ಟೇನೂ ಹೆಮ್ಮೆಯ ಸಂಗತಿಯಲ್ಲ.

ಗಾರ್ಡನ್ನು ತೆಗೆದಿಟ್ಟವನನ್ನು ಅಜಾಗರೂಕನೆಂದು ಜರೆಯುವುದು ಸುಲಭ. ಹತ್ತೊಂಬತ್ತನೆಯ ಶತಮಾನದ ಷೆಫೀಲ್ಡ್ ನಗರದ ಚರಿತ್ರೆಯನ್ನು ಓದಿದವರು ಹಾಗೆ ಜರೆಯಲು ಹಿಂಜರಿಯುತ್ತಾರೆ. ಅಲ್ಲಿ ಚಾಕು, ಫೋರ್ಕುಗಳನ್ನು ಮರಳುಗಲ್ಲಿನ ಸಾಣೆಗೆ ಹಿಡಿಯುತ್ತಿದ್ದವರು ಕಲ್ಲಿನ ಧೂಳನ್ನು ಸೇವಿಸಿ ಶ್ವಾಸಕೋಶದ ರೋಗದಿಂದ ಸಾಯುತ್ತಿದ್ದರು. ನೀರಿಲ್ಲದೆ ಒಣಸಾಣೆ ಹಿಡಿಯುವವರ ಸರಾಸರಿ ಆಯುಸ್ಸು 35 ವರ್ಷವನ್ನು ಅಷ್ಟಾಗಿ ದಾಟದೆಂದೂ, ಒದ್ದೆಸಾಣೆಯವರದು 45ನ್ನು ಮೀರುವುದು ಅಪರೂಪವೆಂದೂ ಅಲ್ಲಿನ ವೈದ್ಯ ನೈಟ್ ಎಂಬವರ ಬರಹಗಳನ್ನು ಆಧರಿಸಿ ಎಂಗೆಲ್ಸನು 1845ರ ತನ್ನ ಗ್ರಂಥದಲ್ಲಿ ತಿಳಿಸಿದ್ದಾನೆ. ಧೂಳನ್ನು ತಡೆಯುವ ಸಾಧನಗಳು ಆಗಲೇ ಇದ್ದುವು. ಕೆಲವೆಡೆ ಕೆಲಸಗಾರರೇ ಅವನ್ನು ಒಡೆದುಹಾಕಿದರಂತೆ. ಕಸಬು ಅಪಾಯವಿಲ್ಲದ್ದಾದರೆ ಹೆಚ್ಚು ಜನರು ಬಂದು ಕೂಲಿಯು ಇಳಿದೀತೆಂದು ಅವರಿಗೆ ಭಯ. ಸಾವನ್ನು ಅರಿತೂ ಅದನ್ನು ಕೂಲಿಯ ಜಾಮೀನಾಗಿ ಇಟ್ಟುಕೊಂಡವರನ್ನು ಮೂರ್ಖರೆಂದು ಕರೆಯುವುದು ಸಾಧ್ಯವಿಲ್ಲ. ನಮ್ಮ ಗ್ರಿಲ್ ಅಂಗಡಿಯಲ್ಲಿಯೂ ಗಾರ್ಡು ಹೋಗುವುದು ಮೂಲೆಯ ಬೆಸುಗೆಯನ್ನು ಸವರುವಾಗ ಅದು ಅಡ್ಡ ಬರುತ್ತದೆಂದು, ಸಂಜೆಯೊಳಗೆ ಗೇಟು ಮುಗಿಯಬೇಕೆಂದು. ಇಂದಿನ ಚಕ್ರದಲ್ಲಿ ಮರಳುಗಲ್ಲು ಇಲ್ಲದಿರುವುದು ಒಂದು ಪುಣ್ಯ. ಆದರೆ ಇದೇ ಯಂತ್ರಕ್ಕೆ ವಜ್ರದ ಪುಡಿಯ ಅಲಗನ್ನು ಹಾಕಿ ಅಡಿಗೆಮನೆಯ ಗ್ರಾನೈಟನ್ನು ಒಣದಾಗಿ ಕತ್ತರಿಸುವಾಗ ಏಳುವ ಬಿಳಿಯ ಮೋಡದಲ್ಲಿ ಷೆಫೀಲ್ಡಿನ ಅದೇ ಸಿಲಿಕಾ ಧೂಳು ಇರುತ್ತದೆ. ಮನೆ ಕಟ್ಟಿಸುವವರು ನೀರಿನ ಪೈಪನ್ನು ಅಲ್ಲಿಯವರೆಗೆ ಎಳೆಸಿಕೊಟ್ಟರೆ ಅರ್ಧ ಕೆಲಸವಾಯಿತು. ವಿದ್ಯುತ್ ಯಂತ್ರವಾದುದರಿಂದ ನೀರಿನ ಬಳಕೆಗೆಂದೇ ಮಾಡಿದ ಯಂತ್ರ ಬೇಕೆಂಬುದನ್ನು ಮಾತ್ರ ಮರೆಯಬಾರದು.

ಕೈಗಾರಿಕಾ ತರಬೇತಿಯ ಸಂಸ್ಥೆಗಳು ಇವೆಯಲ್ಲ, ಈ ಕಸಬು ಅಲ್ಲಿಯೇ ಇರಲಿ ಎಂದು ಕೆಲವರು ಹೇಳಬಹುದು. ಕುಶಲಕರ್ಮಿಗಳ ತರಬೇತಿ ಯೋಜನೆಯು ನಮ್ಮ ದೇಶದಲ್ಲಿ 1950ರಿಂದಲೂ ನಡೆದುಬಂದಿದೆ. ಫಿಟ್ಟರ್, ವೆಲ್ಡರ್ ಕಸಬುಗಳನ್ನು ಅಲ್ಲಿ ಕ್ರಮವಾಗಿ ಕಲಿಸುತ್ತಾರೆ. ಆದರೆ ಗ್ರಿಲ್ ಅಂಗಡಿಗಳಲ್ಲಿ ನಾವು ಮಾತನಾಡಿಸಿದವರಲ್ಲಿ ಬಹುಮಂದಿ ಅಣ್ಣನ ಪಕ್ಕದಲ್ಲಿಯೋ ಮಾವನ ಪಕ್ಕದಲ್ಲಿಯೋ ಕುಳಿತು ನೋಡಿ ಕಲಿತವರು. ಇನ್ನೊಂದು ಕಡೆ, ಇಂಜಿನಿಯರ್ ಆಗಬೇಕೆಂದು ಓದುವ ಹುಡುಗ ಹುಡುಗಿಯರು ಒಂದು ಕಬ್ಬಿಣದ ಪಟ್ಟಿಯನ್ನೂ ಕೈಯಲ್ಲಿ ಹಿಡಿಯದೆ ಪ್ರವೇಶ ಪರೀಕ್ಷೆಗಳನ್ನು ದಾಟುತ್ತಿದ್ದಾರೆ. 1952-53ರ ಮೊದಲಿಯಾರ್ ಆಯೋಗವು ಬಹೂದ್ದೇಶ ಪ್ರೌಢಶಾಲೆಗಳನ್ನು ಸೂಚಿಸಿದಾಗ ಕೈಗೆಲಸವು ಪಾಠದ ಒಂದು ಅಂಗವಾಗಲೆಂಬ ಆಸೆಯಿತ್ತು. ಆ ಆಸೆ ಏನಾಯಿತೆಂಬುದನ್ನು ವಾಚಕರು ತಮ್ಮ ತಮ್ಮ ಶಾಲೆಯ ಸುತ್ತ ಕಣ್ಣಾಡಿಸಿ ತಿಳಿಯಬಹುದು.

ಹದಿನೈದು ವರ್ಷದವರ ಕೈಗೆ ಈ ಯಂತ್ರವನ್ನು ಕೊಡಬೇಕೆಂದು ನಾವು ಹೇಳುತ್ತಿಲ್ಲ, ಅದು ತಪ್ಪು. ಅವರಿಗೆ ಬೇಕಾದುದು ಒಂದು ಹ್ಯಾಕ್ಸಾ, ಒಂದು ಅರ, ಮೇಜಿಗೆ ಬಿಗಿದ ಒಂದು ವೈಸು, ಒಂದು ತುಂಡು ಕಬ್ಬಿಣ. ಅರವನ್ನು ಹಿಡಿದು ಒಂದು ಮಗ್ಗುಲನ್ನು ಚಪ್ಪಟೆಯಾಗಿ ಸವರಿರೆಂದು ಹೇಳಿ ನೋಡಿ; ಎಲ್ಲರದೂ ನಡುವೆ ಉಬ್ಬಿ ಆಮೆಯ ಬೆನ್ನಾಗುತ್ತದೆ. ಕಾರಣವು ಸನ್ನೆಯ ತತ್ತ್ವದಲ್ಲಿದೆ. ಅರವು ಮುಂದಕ್ಕೆ ಸರಿದಂತೆ ಆಧಾರಬಿಂದುವಿನಿಂದ ಎರಡು ಕೈಗಳ ದೂರವೂ ಬದಲಾಗುತ್ತದೆ. ಮೊದಲಲ್ಲಿ ಮುಂದಿನ ಕೈ ಹೆಚ್ಚಾಗಿ ಒತ್ತಬೇಕು, ಕೊನೆಗೆ ಹಿಂದಿನ ಕೈ. ನಡುವೆ ಒತ್ತಡವು ಕ್ರಮಕ್ರಮವಾಗಿ ಒಂದು ಕೈಯಿಂದ ಮತ್ತೊಂದಕ್ಕೆ ಜಾರಬೇಕು. ಇದನ್ನು ಕೈಯಿಂದ ಕಲಿತ ವಿದ್ಯಾರ್ಥಿಗೆ ಬಲಭ್ರಮಣದ ಪಾಠವನ್ನು ಬಾಯಿಪಾಠ ಮಾಡಿಸಬೇಕಾದ ಅಗತ್ಯ ಬೀಳದು. ಗ್ರೈಂಡರನ್ನು ಹಿಡಿಯುವವನು ಮುಂದೆ ಬೇಕಾಗುವ ಕೈಯ ಸ್ಥಿಮಿತವನ್ನು ಪಡೆಯುವುದೂ ಇಲ್ಲಿಯೇ. ಕಟಿಂಗ್ ವೀಲಿನ ದಪ್ಪ ಸುಮಾರು ಒಂದು ಮಿಲಿಮೀಟರು. ಕತ್ತರಿಸುವ ಸೀಳಿನಲ್ಲಿ ಅದು ಸ್ವಲ್ಪ ಓರೆಯಾದರೂ, ತುಂಡು ಬಾಗಿ ಸೀಳು ಮುಚ್ಚಿಕೊಂಡರೂ, ಚಕ್ರವು ಕಚ್ಚಿ ಯಂತ್ರವು ಕೈಯಿಂದ ಎಗರುತ್ತದೆ. ಅದರ ಮಗ್ಗುಲಿನಿಂದ ಉಜ್ಜುವುದಂತೂ ಕೂಡದು. ಉಜ್ಜುವುದಕ್ಕೆ ದಪ್ಪನೆಯ ಬೇರೆಯ ಚಕ್ರವಿದೆ.

ಭೌತವಿಜ್ಞಾನದ ಅಧ್ಯಾಪಕರು ವರ್ಷಕ್ಕೆ ಒಂದು ಮಧ್ಯಾಹ್ನ ಊರಿನ ಮೇಸ್ತ್ರಿಯೊಬ್ಬನನ್ನು, ಕೂಲಿಯ ನಷ್ಟವನ್ನು ಕಟ್ಟಿಕೊಟ್ಟು, ಶಾಲೆಗೆ ಕರೆಸಲಿ. ಆತನು ಕಿಡಿಯನ್ನು ತೋರಿಸಲಿ, ವಿದ್ಯಾರ್ಥಿಗಳು ದೂರದಲ್ಲಿ ಕನ್ನಡಕ ಧರಿಸಿ ನಿಂತು ನೋಡಲಿ. ಬಳಿಕ ಅವರಲ್ಲಿ ಒಬ್ಬರು ಕರಿಹಲಗೆಯ ಮೇಲೆ ಆತನ ಚಕ್ರದ ಲೆಕ್ಕವನ್ನು ಬಿಡಿಸಲಿ. ಸಮಯವಿಲ್ಲವೆಂಬ ಆಕ್ಷೇಪವನ್ನು ನಾವು ಒಪ್ಪುವುದಿಲ್ಲ. ದಾರಕ್ಕೆ ಕಟ್ಟಿದ ಕಲ್ಲಿಗೆ ಸಮಯವಿದೆ.

ಆ ದಿನ ಕೊಳವೆಯ ಕೆಲಸ ಮುಗಿದ ಮೇಲೆ ಮೇಸ್ತ್ರಿಯು ಮೂಲೆಯಿಂದ ಸವೆದ ಚಕ್ರವೊಂದನ್ನು ತಂದು ಹುಡುಗನ ಮುಂದೆ ಹಿಡಿದನು. "ತಮ್ಮಾ, ಏಳಿಂಚಿನದು ಸವೆದು ಐದಕ್ಕೆ ಬಂದಿದೆ. ಈಗ ಇದನ್ನ ಚಿಕ್ಕ ಮಿಷನ್ನಿಗೆ ಹಾಕ್ಬೋದಾ?" ಹುಡುಗನು ಲೆಕ್ಕಮಾಡಿದನು: ವ್ಯಾಸ 125 ಮಿಲಿಮೀಟರು, ವೇಗ 72 ಮೀಟರು, 80ಕ್ಕಿಂತ ಕಡಮೆ. ಹೌದೆನ್ನಲು ಬಾಯಿ ತೆರೆದವನು ಚೀಟಿಯ ಕಡೆ ನೋಡಿ ಸುಮ್ಮನಾದನು. ಅಲ್ಲಿ 8,500 ಎಂದೇ ಇತ್ತು. ಯಂತ್ರ ತಯಾರಕರು ದೊಡ್ಡ ಯಂತ್ರದಲ್ಲಿ ಸವೆದ ಚಕ್ರವನ್ನು ಚಿಕ್ಕದಕ್ಕೆ ಹಾಕಲೇಬಾರದೆಂದು ಕೈಪಿಡಿಗಳಲ್ಲಿ ಬರೆಯುತ್ತಾರೆ. ಅಂಚಿನ ವೇಗವು ಮಿತಿಯೊಳಗಿದ್ದರೂ, ಪೆಟ್ಟು ತಿಂದ ಚಕ್ರದೊಳಗೆ ಬಿರುಕು ಎಲ್ಲಿದೆಯೆಂಬುದನ್ನು ಲೆಕ್ಕವು ತಿಳಿಸದು. ಹಳೆಯ ಗಟ್ಟಿ ಸಾಣೆಕಲ್ಲನ್ನು ತಟ್ಟಿದರೆ ಒಡಕು ಧ್ವನಿಯಿಂದ ತಿಳಿಯುತ್ತಿತ್ತು. ರಾಳದ ತೆಳುಚಕ್ರವು ಹಾಗೆ ನಾದ ಕೊಡುವುದಿಲ್ಲ. ತೇವಕ್ಕೆ ರಾಳವು ಬಲಗುಂದುವುದರಿಂದ ನಡುವಿನ ಲೋಹದ ಉಂಗುರದಲ್ಲಿ ಅವಧಿಯ ತಿಂಗಳು ಮತ್ತು ವರ್ಷವನ್ನು ಒತ್ತಿರುತ್ತಾರೆ. ಅದನ್ನು ಹುಡುಕಿದಾಗ, ಈ ಚಕ್ರದ ಅವಧಿಯು ಮುಗಿದು ಎಂಟು ತಿಂಗಳಾಗಿತ್ತು. ಮೇಸ್ತ್ರಿಯು ಅದನ್ನು ಗುಜರಿಗೆ ಎಸೆಯಲು ಹೋದಾಗ ಹುಡುಗನು ತನಗೆ ಬೇಕೆಂದು ಕೇಳಿ ಪಡೆದನು. ಅಂಚಿನಲ್ಲಿ ಹೊರಚಾಚಿದ್ದ ಗಾಜಿನ ನೂಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಂತೆ.